ಗೇಟು, ರೊಟ್ಟಿ, ಬೆರಳು

ಇವತ್ತು ಬೆಳಿಗ್ಗೆ ಧಾರವಾಡದಲ್ಲಿ ಒಳ್ಳೆ ಥಂಡಿ. ಹಾಲು ತರಲು ಹೊರಟು ಕಬ್ಬಿಣದ ಗೇಟಿಗೆ ಕೈ ಹಾಕಿದೆ, ಬೆರಳು ಜುಮ್ ಅಂದವು. ಹೊರಬಾಗಿಲ ಕಟ್ಟಿಗೆ ಮಾತ್ರ ಅಷ್ಟು ತಣ್ಣಗಿರಲಿಲ್ಲ. ಎರಡೂ ರಾತ್ರಿಯಿಡೀ ಅದೇ ಗಾಳಿಯಲ್ಲಿ ನಿಂತಿದ್ದವು, ಅಲ್ವಾ? ಉಷ್ಣಾಂಶ ಹೆಚ್ಚುಕಡಿಮೆ ಒಂದೇ. ಅಸಲಿಗೆ ಗೇಟಿನ ತಂಪು ನನ್ನ ಕೈಗೆ ಬರಲಿಲ್ಲ, ನನ್ನ ಕೈಯ ಬಿಸಿಯೇ ಗೇಟಿಗೆ ಹೋಯಿತು. ಕಬ್ಬಿಣ ಅದನ್ನು ಒಳಗೊಳಗೇ ದೂರ ಸಾಗಿಸಿಬಿಡುತ್ತದೆ. ಕಟ್ಟಿಗೆ ಸೋಮಾರಿ. ಮುಟ್ಟಿದ ಜಾಗದಲ್ಲೇ ಬಿಸಿ ಉಳಿಯುತ್ತದೆ.

ಮನೆಗೆ ಬಂದರೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿದಳು. ಆ ನೀರು ಆರುತ್ತಿದ್ದಂತೆ ಮಗುಚಿದಳು. ಆಮೇಲೆ ಉರಿಗೆ ಒಡ್ಡಿದಾಗ ಒಳಗಿನ ನೀರು ಹಬೆಯಾಗಿ ರೊಟ್ಟಿ ಪುಗ್ಗದ ಹಾಗೆ ಉಬ್ಬಿತು.

ಈ ಹಬೆ ಸುಮ್ನೆ ಅಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಾಖ ಸಾಕು. ಅದೇ ಒಂದು ಗ್ರಾಂ 100 ಡಿಗ್ರಿಯಲ್ಲಿ ಕುದ್ದು ಹಬೆಯಾಗಲು ಸುಮಾರು 2,260 ಜೂಲ್ ಬೇಕು! ಹಬೆ ತಣ್ಣನೆಯ ಚರ್ಮಕ್ಕೆ ತಾಗಿ ಮತ್ತೆ ನೀರಾಗುವಾಗ ಅಷ್ಟನ್ನೂ ಅಲ್ಲೇ ಇಳಿಸಿ ಹೋಗುತ್ತದೆ. ಕುದಿಯುವ ನೀರಿಗಿಂತ ಹಬೆ ಜಾಸ್ತಿ ಸುಡುವುದು ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ಉಬ್ಬಿದ ರೊಟ್ಟಿ ಮುರಿಯಲು ಅವಸರ ಮಾಡಿದೆ.

"ಬಿಸಿ ಐತಿ, ತಡಿಯೋ" ಅಂದಳು ಅವ್ವ. ಬೆರಳು ಸುಟ್ಟ ಮೇಲೆ.