ರಿಪೇರಿ ಸ್ಟ್ಯಾಂಡ್ ಕೊಳ್ಳುವ ಮುಂಚೆ ಮನೆಯ ನೆಲ ನೋಡಿ

"ಮನೆಗೆ ಒಂದು ಸೈಕಲ್ ರಿಪೇರಿ ಸ್ಟ್ಯಾಂಡ್ ತಗೋಬೇಕು, ಯಾವುದು ಒಳ್ಳೇದು?" ಅಂತ ಸೈಕಲ್ ಗ್ರೂಪಿನಲ್ಲಿ ಕೇಳಿ ನೋಡಿ. ಹತ್ತು ಜನ ಹತ್ತು ಲಿಂಕ್ ಕಳಿಸುತ್ತಾರೆ. ನಿಮ್ಮದು ಯಾವ ಸೈಕಲ್, ಮನೇಲಿ ಎಲ್ಲಿ ಇಟ್ಟು ಕೆಲಸ ಮಾಡ್ತೀರಿ, ಚೈನ್ ಒರೆಸೋದು ಬಿಟ್ಟು ಬೇರೇನಾದರೂ ಮಾಡ್ತೀರಾ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ಹಿಂದಿನ ಚಕ್ರ ಎತ್ತಿ ಹಿಡಿಯುವ ಸಣ್ಣ ಸ್ಟ್ಯಾಂಡ್ ಸಾಕು. ಅದು ಸಾಲದೇ ಇರುವವರಿಗೆ ಮಾತ್ರ ಕ್ಲಾಂಪ್ (ಸೈಕಲ್ಲನ್ನು ಬಿಗಿಹಿಡಿದು ನೆಲದಿಂದ ಮೇಲೆ ನಿಲ್ಲಿಸುವ ಹಿಡಿ) ಇರುವ ದೊಡ್ಡದು. ಅದರಲ್ಲೂ ಕಂಪನಿ ಹೆಸರಿಗಿಂತ ಮೊದಲು ನಿಮ್ಮ ಮನೆಯ ನೆಲ, ಆಮೇಲೆ ನಿಮ್ಮ ಸೈಕಲ್ಲಿನ ಫ್ರೇಮ್ ನೋಡಬೇಕು.

ಹಳೇ ಕಾಲದ ಕಪ್ಪು ಸೈಕಲ್‌ಗಳಿಗೆ ಈ ತಲೆನೋವೇ ಇರಲಿಲ್ಲ. ಹಿಂದಿನ ಚಕ್ರಕ್ಕೆ ಎರಡು ಕಾಲಿನ ಸ್ಟ್ಯಾಂಡ್ ಇರುತ್ತಿತ್ತು, ಕ್ಯಾರಿಯರ್ ಹಿಡಿದು ಹಿಂದಕ್ಕೆ ಎಳೆದರೆ ಚಕ್ರ ನೆಲ ಬಿಟ್ಟು ನಿಲ್ಲುತ್ತಿತ್ತು. ಕೂತುಕೊಂಡು ಪೆಡಲ್ ತಿರುಗಿಸುತ್ತಾ ಚೈನಿಗೆ ಎಣ್ಣೆ ಬಿಡಬಹುದು, ಸ್ಪೋಕ್ ಬಿಗಿ ಮಾಡಬಹುದು, ಬ್ರೇಕ್ ಕಟ್ಟೆ ರಿಮ್ಮಿಗೆ ಎಲ್ಲಿ ತಾಗುತ್ತಿದೆ ನೋಡಬಹುದು. ಅಂದರೆ ರಿಪೇರಿ ಸ್ಟ್ಯಾಂಡ್ ಸೈಕಲ್ಲಿನ ಜೊತೆಗೇ ಬರುತ್ತಿತ್ತು, ಅಲ್ವಾ! ಈಗಿನ ಗೇರ್ ಸೈಕಲ್‌ಗಳಿಗೆ ಒಂದು ಸೈಡ್ ಸ್ಟ್ಯಾಂಡ್ ಇದ್ದರೆ ಅದೇ ಪುಣ್ಯ. ರೋಡ್ ಬೈಕ್ (ತೆಳ್ಳಗಿನ ಟೈರಿನ ರೇಸ್ ಥರದ ಸೈಕಲ್) ಆದರೆ ಅದೂ ಇಲ್ಲ, ಗೋಡೆಗೆ ಒರಗಿಸಬೇಕು. ಗೋಡೆಗೆ ಒರಗಿಸಿದ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸಿ ಚೈನ್ ಒರೆಸಬಹುದೇನೋ, ಆದರೆ ಗೇರ್ ಹೊಂದಿಸೋಕೆ ಪೆಡಲನ್ನು ಮುಂದಕ್ಕೆ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಸೈಕಲ್ಲೇ ಮುಂದೆ ಹೋಗುತ್ತದೆ.

ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲ್ ಮೇಲೆ ನಿಲ್ಲಿಸುವುದು ನಮಗೆಲ್ಲ ಗೊತ್ತಿರುವ ದಾರಿ. ಪಂಚರ್ ಹಾಕೋಕೆ ಅದೇ ಸಾಕು, ಕೆಳಗೆ ಒಂದು ಗೋಣಿಚೀಲ ಹಾಸಿದರೆ ಆಯಿತು. ತೊಂದರೆ ಇರೋದು ಬೇರೆ ಕಡೆ. ಹ್ಯಾಂಡಲ್ ಮೇಲೆ ಈಗ ಲೈಟು, ಬೆಲ್ಲು, ಮೊಬೈಲ್ ಹೋಲ್ಡರ್, ಮೀಟರ್ ಅಂತ ಒಂದು ಸಂಸಾರವೇ ಇರುತ್ತದೆ, ಎಲ್ಲ ನೆಲಕ್ಕೆ ಒತ್ತಿಕೊಳ್ಳುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಲಿವರ್ ಬಳಿ ಇರುವ ಎಣ್ಣೆ ತೊಟ್ಟಿಯಲ್ಲಿ ಸ್ವಲ್ಪ ಗಾಳಿ ಇದ್ದದ್ದು ತಲೆಕೆಳಗಾದಾಗ ಪೈಪಿನ ಕಡೆಗೆ ಹೋಗುತ್ತದೆ, ಆಮೇಲೆ ಬ್ರೇಕ್ ಹಿಡಿದರೆ ಲಿವರ್ ಮೆತ್ತಗೆ ಹೋಗಿ ಹ್ಯಾಂಡಲ್‌ಗೆ ತಾಗುತ್ತದೆ. ಸೈಕಲ್ ನೆಟ್ಟಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಲಿವರ್ ಕೆಲವು ಸಲ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅದನ್ನು ನೋಡಿಕೊಳ್ಳದೆ ಹಾಗೇ ರಸ್ತೆಗೆ ಇಳಿಯಬೇಡಿ. ಇನ್ನೊಂದು ವಿಷಯ, ತಲೆಕೆಳಗಾದ ಸೈಕಲ್ಲಿನಲ್ಲಿ ಶಿಫ್ಟರ್ ಕೈಗೆ ಸಿಗುವುದಿಲ್ಲ. ಗೇರ್ ಹಾಕಿ ನೋಡೋಕೆ ಬಗ್ಗಿ ನೆಲದ ಹತ್ತಿರ ಕೈ ಹಾಕಬೇಕು.

ಸರಿ, ಸಣ್ಣ ಸ್ಟ್ಯಾಂಡ್ ವಿಷಯಕ್ಕೆ ಬರೋಣ. ಸಾವಿರ ರೂಪಾಯಿಯ ಆಚೀಚೆ ಸಿಗುತ್ತವೆ, ಮೊಣಕಾಲ ಎತ್ತರವೂ ಇರುವುದಿಲ್ಲ. ಇದರಲ್ಲಿ ಎರಡು ಜಾತಿ. ಒಂದು ಹಿಂದಿನ ಫ್ರೇಮಿನ ಎರಡು ಪೈಪುಗಳಿಗೆ ಕೊಕ್ಕೆ ಹಾಕಿ ಎತ್ತುವಂಥದ್ದು. ಇನ್ನೊಂದು ಹಿಂದಿನ ಚಕ್ರದ ಆಕ್ಸಲ್ಲಿನ ಎರಡು ತುದಿಗಳನ್ನು ಆಚೆ ಈಚೆಯಿಂದ ಹಿಡಿಯುವಂಥದ್ದು. ನೋಡೋಕೆ ಎರಡೂ ಒಂದೇ ಥರ, ಆದರೆ ಎಲ್ಲ ಸೈಕಲ್ಲಿಗೂ ಎರಡೂ ಆಗುವುದಿಲ್ಲ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಎಡಗಡೆ ಕೆಳಗಿನ ಪೈಪಿನ ಮೇಲೆ ಕೂತಿದ್ದರೆ ಕೊಕ್ಕೆ ಹಾಕೋಕೆ ಜಾಗ ಇರುವುದಿಲ್ಲ. ಥ್ರೂ ಆಕ್ಸಲ್ (ಫ್ರೇಮಿನ ತೂತಿನೊಳಗೆ ತೂರಿಸಿ ಬಿಗಿಯುವ ದಪ್ಪ ಆಕ್ಸಲ್) ಇರುವ ಹೊಸ ಸೈಕಲ್‌ಗಳಲ್ಲಿ ಆಕ್ಸಲ್ ತುದಿ ಫ್ರೇಮಿನ ಒಳಗೇ ಮುಗಿಯುತ್ತದೆ, ಹೊರಗೆ ಹಿಡಿಯೋಕೆ ಏನೂ ಸಿಗುವುದಿಲ್ಲ, ಹಾಗಾಗಿ ಎರಡನೇ ಜಾತಿ ದಂಡ. ಕ್ವಿಕ್ ರಿಲೀಸ್ (ಲಿವರ್ ತೆಗೆದು ಚಕ್ರ ಬಿಚ್ಚುವಂಥದ್ದು) ಅಥವಾ ನಟ್ಟು ಇರುವ ಸೈಕಲ್‌ಗೆ ಮಾತ್ರ ಅದು ಸರಿ. ಕೊಳ್ಳುವ ಮುಂಚೆ ನಿಮ್ಮ ಸೈಕಲ್ಲಿನ ಹಿಂಭಾಗದ ಎರಡೂ ಕಡೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಇಷ್ಟು ಸಣ್ಣದರಲ್ಲಿ ಏನೇನು ಆಗುತ್ತದೆ? ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡ ಚೈನ್ ತೊಳೆದು ಎಣ್ಣೆ ಹಾಕುವುದು. ಗೇರ್ ಹೊಂದಿಸುವುದು. ಹಿಂದಿನ ಬ್ರೇಕ್. ರಿಮ್ ಬ್ರೇಕ್ ಆದರೆ ಬ್ರೇಕ್ ಕಟ್ಟೆಯನ್ನೇ ಗುರುತಾಗಿ ಇಟ್ಟುಕೊಂಡು ಚಕ್ರದ ಸಣ್ಣಪುಟ್ಟ ಬೆಂಡ್ ತೆಗೆಯುವುದು. ಮನೇಲಿ ನಾವು ಮಾಡುವ ಕೆಲಸ ಹೆಚ್ಚುಕಮ್ಮಿ ಇಷ್ಟೇ. ಮಕ್ಕಳ ಸೈಕಲ್ಲಿಗೆ ಅಂತೂ ಇದೇ ವಾಸಿ, ಯಾಕೆಂದರೆ ಅವುಗಳ ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಕಂಬಿ) ಗಿಡ್ಡ, ಸೀಟು ಕೆಳಗೆ ಇಳಿಸಿದ್ದರೆ ದೊಡ್ಡ ಸ್ಟ್ಯಾಂಡಿನ ಕ್ಲಾಂಪ್ ಹಿಡಿಯೋಕೆ ನಾಲ್ಕು ಬೆರಳು ಜಾಗವೂ ಸಿಗುವುದಿಲ್ಲ. ಚಕ್ರದ ಅಳತೆಗೆ ತಕ್ಕಂತೆ ಎತ್ತರ, ಅಗಲ ಬದಲಿಸುವ ಹಾಗಿದೆಯಾ ಅಂತ ಮಾತ್ರ ನೋಡಿ.

ಇದರ ದೊಡ್ಡ ಕೊರತೆ ಒಂದೇ, ನೆಲದ ಮೇಲೆ ಕೂತು ಕೆಲಸ ಮಾಡಬೇಕು. ಬೆನ್ನು, ಮಂಡಿ ಮಾತು ಕೇಳದ ವಯಸ್ಸು ಬಂದಿದ್ದರೆ ಒಂದು ಮಣೆ ಹಾಕಿಕೊಂಡರೂ ಕಷ್ಟವೇ. ಅಮೆರಿಕದ ಪಾರ್ಕ್ ಟೂಲ್ ಕಂಪನಿ ಇವತ್ತು ನೀಲಿ ಬಣ್ಣದ ಟೂಲ್‌ಗಳಿಗೆ ಹೆಸರುವಾಸಿ, ಆದರೆ 1963ರಲ್ಲಿ ಅದು ಶುರುವಾಗಿದ್ದೇ ಬೆನ್ನಿನ ತಾಪತ್ರಯದಿಂದ. ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಬ್ಬರು ಬಗ್ಗಿ ಬಗ್ಗಿ ಸಾಕಾಗಿ ತಮ್ಮ ಅಂಗಡಿಗೆ ಅಂತ ಒಂದು ಸ್ಟ್ಯಾಂಡ್ ಮಾಡಿಕೊಂಡರು, ಉಳಿದದ್ದೆಲ್ಲ ಆಮೇಲೆ ಬಂದದ್ದು. ಹಾಗಾಗಿ ನೀವು ವಾರವಾರ ಸೈಕಲ್ ಬಿಚ್ಚುವವರಾದರೆ, ಮನೇಲಿ ಮೂರ್ನಾಲ್ಕು ಸೈಕಲ್ ಇದ್ದರೆ, ಕೇಬಲ್ ಬದಲಿಸುವುದು, ಬ್ರೇಕ್ ಎಣ್ಣೆ ಬದಲಿಸುವುದು ಇಂಥವನ್ನೆಲ್ಲ ನೀವೇ ಮಾಡುವವರಾದರೆ, ಕ್ಲಾಂಪ್ ಸ್ಟ್ಯಾಂಡ್ ತಗೊಳ್ಳಿ. ಸುಮ್ನೆ ಆಸೆಗೆ ಬೇಡ, ಜಾಗ ತಿನ್ನುತ್ತದೆ.

ಈಗ ನೆಲದ ವಿಷಯ. ಹೊರದೇಶದ ವಿಡಿಯೋಗಳಲ್ಲಿ ಕಾರ್ ಗ್ಯಾರೇಜಿನ ಸಮತಟ್ಟಾದ ಕಾಂಕ್ರೀಟ್ ನೆಲ. ನಮ್ಮಲ್ಲಿ ಸೈಕಲ್ ಕೆಲಸ ನಡೆಯೋದು ಬಾಲ್ಕನಿಯಲ್ಲಿ, ಯುಟಿಲಿಟಿಯಲ್ಲಿ, ತಾರಸಿಯಲ್ಲಿ. ಈ ಮೂರೂ ಕಡೆ ನೀರು ಹರಿದು ಹೋಗಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಸ್ಟ್ಯಾಂಡ್ ಇಟ್ಟ ತಕ್ಷಣ ಗೊತ್ತಾಗುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಎಂಥ ನೆಲದಲ್ಲೂ ಮೂರೂ ಕಾಲೂರಿ ನಿಲ್ಲುತ್ತದೆ. ನಾಲ್ಕು ಕಡೆ ನೆಲಕ್ಕೆ ತಾಗುವಂಥದ್ದು ಹೋಟೆಲ್ ಟೇಬಲ್ಲಿನ ಹಾಗೆ ಅಲ್ಲಾಡುತ್ತದೆ, ಕಾಗದ ಮಡಚಿ ಇಡಬೇಕು. ಆದರೆ ಮೂರು ಕಾಲಿನದರಲ್ಲೂ ಒಂದು ನಿಯಮ ಇದೆ: ಸೈಕಲ್ ಕಂಬದ ಯಾವ ಕಡೆ ನೇತಾಡುತ್ತದೋ ಅದೇ ಕಡೆ ಒಂದು ಕಾಲು ಚಾಚಿರಬೇಕು. ಎರಡು ಕಾಲಿನ ನಡುವಿನ ಖಾಲಿ ಜಾಗದ ಮೇಲೆ ಸೈಕಲ್ ಬಂದರೆ, ನೀವು ಪೆಡಲ್ ಸ್ವಲ್ಪ ಜೋರಾಗಿ ಒತ್ತಿದರೂ ಇಡೀ ಸಾಮಾನು ನಿಮ್ಮ ಮೇಲೆ ಬೀಳಬಹುದು. ಇಳಿಜಾರು ಇದ್ದರೆ ಆ ಕಾಲು ಇಳಿಜಾರಿನ ಕೆಳಗಿನ ಕಡೆಗೆ ಇರಲಿ. ಟೈಲ್ಸ್ ನೆಲ ಆದರೆ ಕಾಲಿನ ತುದಿಯ ರಬ್ಬರ್ ನೋಡಿ. ಗಟ್ಟಿ ಪ್ಲಾಸ್ಟಿಕ್ ಇದ್ದು ನೆಲದ ಮೇಲೆ ಒಂದೆರಡು ಹನಿ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಬಿದ್ದಿದ್ದರೆ ಜಾರುವುದು ಗ್ಯಾರಂಟಿ.

ಜಾಗವನ್ನೂ ಅಳೆಯಿರಿ. ದೊಡ್ಡವರ ಸೈಕಲ್ ಸುಮಾರು 1.7 ಮೀಟರ್ ಉದ್ದ. ಅದನ್ನು ಸ್ಟ್ಯಾಂಡಿಗೆ ಏರಿಸಿ ನೀವು ಆಚೆ ಈಚೆ ಓಡಾಡಬೇಕು. ನಾಲ್ಕು ಅಡಿ ಅಗಲದ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡೂ ಇದ್ದರೆ ಯಾವುದೋ ಒಂದು ಸ್ಟ್ಯಾಂಡ್ ಹೊರಗೆ ಹೋಗಬೇಕು. ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಫ್ರೇಮಿನ ವಿಷಯದಲ್ಲಿ ಒಂದೇ ಮಾತು, ಹಿಡಿಸುವುದಾದರೆ ಸೀಟ್ ಪೋಸ್ಟ್ ಹಿಡಿಸಿ. ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಫ್ರೇಮಿನ ಮೇಲಿನ ಬಾರ್ ಕ್ಲಾಂಪಿಗೆ ಸುಲಭವಾಗಿ ಸಿಗುತ್ತದೆ ನಿಜ, ಹಳೇ ಸ್ಟೀಲ್ ಸೈಕಲ್ ಆದರೆ ಪರವಾಗಿಲ್ಲ. ಕಾರ್ಬನ್ ಬಾರ್ ಆದರೆ ಕ್ಲಾಂಪ್ ಒತ್ತಡಕ್ಕೆ ಬಿರುಕು ಬಿಡಬಹುದು, ತೆಳ್ಳಗಿನ ಅಲ್ಯೂಮಿನಿಯಂ ಆದರೆ ತಗ್ಗು ಬೀಳಬಹುದು. ಸೀಟ್ ಪೋಸ್ಟ್ ಸಾಮಾನ್ಯವಾಗಿ 27.2, 30.9 ಅಥವಾ 31.6 ಮಿಲಿಮೀಟರ್ ದಪ್ಪ ಇರುತ್ತದೆ, ಪಾರ್ಕ್ ಟೂಲ್‌ನ ಮನೆ ಬಳಕೆಯ ಪಿಸಿಎಸ್-10 ಮಾಲಿಕೆಯ ಕ್ಲಾಂಪ್ 24ರಿಂದ 76 ಮಿಲಿಮೀಟರ್‌ವರೆಗೆ ಹಿಡಿಯುತ್ತದೆ, ಅಗ್ಗದವುಗಳೂ ಇದರ ಆಸುಪಾಸಿನಲ್ಲೇ ಇರುತ್ತವೆ. ಸೀಟು ಸ್ವಲ್ಪ ಮೇಲೆತ್ತಬೇಕಾಗಿ ಬಂದರೆ ಮೊದಲು ಎತ್ತರದ ಗುರುತಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿಕೊಳ್ಳಿ, ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ. ಪೋಸ್ಟ್ ಮೇಲಿನ ಧೂಳು ಮರಳು ಒರೆಸಿ, ಹಳೇ ಪಂಚೆ ತುಂಡು ಸುತ್ತಿ ಹಿಡಿಸಿ. ಡ್ರಾಪರ್ ಪೋಸ್ಟ್ (ಸವಾರಿ ಮಾಡುತ್ತಲೇ ಸೀಟು ಏರಿಸಿ ಇಳಿಸಬಹುದಾದ ಪೋಸ್ಟ್) ಇದ್ದರೆ ಮೇಲೆ ಕೆಳಗೆ ಜಾರುವ ನುಣುಪಾದ ಭಾಗಕ್ಕೆ ಕ್ಲಾಂಪ್ ತಾಗಿಸಲೇಬಾರದು. ಗಾಳಿ ಸೀಳೋಕೆ ಅಂತ ಚಪ್ಪಟೆ ಮಾಡಿದ ಏರೋ ಸೀಟ್ ಪೋಸ್ಟ್‌ಗೆ ದುಂಡು ಹಿಡಿತದ ಕ್ಲಾಂಪ್ ಹೊಂದುವುದಿಲ್ಲ. ಅಂಥ ಸೈಕಲ್ ಇರುವವರು ರೇಸ್ ತಂಡಗಳು ಬಳಸುವ ಇನ್ನೊಂದು ಬಗೆಯದನ್ನು ನೋಡಬೇಕು. ಅದರಲ್ಲಿ ಒಂದು ಚಕ್ರ ಬಿಚ್ಚಿ ಫೋರ್ಕನ್ನೋ (ಮುಂದಿನ ಚಕ್ರ ಹಿಡಿಯುವ ಕವಲು) ಹಿಂದಿನ ಡ್ರಾಪೌಟನ್ನೋ (ಹಿಂದಿನ ಆಕ್ಸಲ್ ಕೂರುವ ಫ್ರೇಮಿನ ತುದಿ) ಕಟ್ಟಿ, ಪೆಡಲ್ ಕೂರುವ ಬುಡವನ್ನು ತೊಟ್ಟಿಲಿನಂಥ ಒಂದು ಆಧಾರದ ಮೇಲೆ ಕೂರಿಸುತ್ತಾರೆ. ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಮನೇಲಿ ದಿನಾ ಚಕ್ರ ಬಿಚ್ಚುವ ಉತ್ಸಾಹ ಎಲ್ಲರಿಗೂ ಇರುವುದಿಲ್ಲ.

ಕ್ಲಾಂಪ್ ಬಿಗಿ ಮಾಡುವ ರೀತಿಯಲ್ಲಿ ಸ್ಕ್ರೂ ಇರುವುದು ನಿಧಾನ, ಆದರೆ ಎಷ್ಟು ಬಿಗಿಯಾಯಿತು ಅಂತ ಕೈಗೆ ಗೊತ್ತಾಗುತ್ತದೆ. ಲಿವರ್ ಒತ್ತಿದರೆ ಟಪ್ ಅಂತ ಹಿಡಿಯುವುದು ಬೇಗ, ಒಂದು ಕೈಯಲ್ಲಿ ಸೈಕಲ್ ಎತ್ತಿ ಹಿಡಿದವರಿಗೆ ಅದರ ಬೆಲೆ ಗೊತ್ತು. ಅಗ್ಗದ ಸ್ಟ್ಯಾಂಡುಗಳು ಸೋಲುವುದು ಸಾಮಾನ್ಯವಾಗಿ ಇಲ್ಲೇ, ಕಂಬ ಚೆನ್ನಾಗಿರುತ್ತದೆ, ತಲೆ ಪ್ಲಾಸ್ಟಿಕ್. ಕ್ಲಾಂಪ್ ತಲೆ ಸುತ್ತಲೂ ತಿರುಗಬೇಕು, ತಿರುಗಿಸಿ ನಿಲ್ಲಿಸಿದ ಕಡೆ ನಿಲ್ಲಬೇಕು. ಗೇರ್ ಸೈಕಲ್ 13ರಿಂದ 15 ಕಿಲೋ ಇರುತ್ತದೆ, ಹಳೇ ಕಪ್ಪು ಸೈಕಲ್, ಇ-ಸೈಕಲ್ ಎಲ್ಲ 20 ದಾಟುತ್ತವೆ. ಎಷ್ಟು ಕಿಲೋ ತಡೆಯುತ್ತದೆ ಅಂತ ಬರೆದಿರುವುದಕ್ಕೂ ನಿಮ್ಮ ಸೈಕಲ್ ತೂಕಕ್ಕೂ ನಡುವೆ ಚೆನ್ನಾಗಿ ಅಂತರ ಇರಲಿ. ಇ-ಸೈಕಲ್ ಆದರೆ ಬ್ಯಾಟರಿ ಬಿಚ್ಚಿಟ್ಟು ಎತ್ತಿ. ಬೀಗ, ನೀರಿನ ಬಾಟಲ್, ಬ್ಯಾಗು ಎಲ್ಲವೂ ಅಷ್ಟೇ. ಹಿಂದಿನ ಚಕ್ರ ಬಿಚ್ಚಿದ ಮೇಲೆ ಭಾರ ಎಲ್ಲ ಮುಂದಕ್ಕೆ ಹೋಗಿ ಸೈಕಲ್ ಮೂಗು ನೆಲಕ್ಕೆ ಹಾಕುತ್ತದೆ, ಹ್ಯಾಂಡಲ್ ತಿರುಗಿ ಫ್ರೇಮಿಗೆ ಬಡಿಯುತ್ತದೆ. ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಮುಂದಿನ ಚಕ್ರವನ್ನು ಫ್ರೇಮಿಗೆ ಕಟ್ಟಿಬಿಟ್ಟರೆ ಆ ಗೋಳಿಲ್ಲ.

ಗೋಡೆಗೆ ಬೋಲ್ಟ್ ಹಾಕುವ ಕ್ಲಾಂಪ್ ಜಾಗ ಉಳಿಸುತ್ತದೆ, ನನಗೂ ಇಷ್ಟ. ಆದರೆ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಗುರ ಬ್ಲಾಕಿನ ಗೋಡೆ ಜಾಸ್ತಿ, ಅದಕ್ಕೆ ಹಾಕಿದ ಬೋಲ್ಟ್ ಎಳೆತಕ್ಕೆ ಕಿತ್ತು ಬರಬಹುದು. ಕಾಂಕ್ರೀಟ್ ಪಿಲ್ಲರ್ ಎಲ್ಲಿದೆ ಅಂತ ಹುಡುಕಿ ಅಲ್ಲೇ ಹಾಕಿಸಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮಾತಾಡಿ, ಅಥವಾ ಮಾತಾಡುವ ಆಸೆಯನ್ನೇ ಬಿಡಿ. ಊರ ಕಡೆ ಮನೆಯಲ್ಲಿ ಉಯ್ಯಾಲೆ ಕೊಂಡಿ ಇದ್ದರೆ ನೀವು ಏನೂ ಕೊಳ್ಳಬೇಕಾಗಿಲ್ಲ. ಜನ ಕೂತು ತೂಗಲಿ ಅಂತ ಹಾಕಿದ ಕೊಂಡಿ ಸೈಕಲ್ ಭಾರಕ್ಕೆ ಹೆದರುವುದಿಲ್ಲ. ಒಂದು ಹಗ್ಗ ಸೀಟಿನ ಕೆಳಗೆ, ಇನ್ನೊಂದು ಹ್ಯಾಂಡಲ್‌ಗೆ. ರಸ್ತೆ ಬದಿಯ ಸೈಕಲ್ ಶಾಪಿನವರು ಮರದ ಕೊಂಬೆಗೆ, ಕಬ್ಬಿಣದ ರಾಡಿಗೆ ನೇತುಹಾಕಿ ಮಾಡುವುದೂ ಇದನ್ನೇ. ತೂಗಾಡುತ್ತದೆ ಅನ್ನೋದು ಬಿಟ್ಟರೆ ಚೈನ್, ಗೇರ್ ಕೆಲಸಕ್ಕೆ ಕೊರತೆ ಇಲ್ಲ. ಫ್ಯಾನ್ ಹುಕ್ಕಿಗೆ ಮಾತ್ರ ಇದನ್ನು ಮಾಡಬೇಡಿ.

ಇನ್ನು ದುಡ್ಡು. ಕ್ಲಾಂಪ್ ಇರುವವು ನಾಲ್ಕೈದು ಸಾವಿರದಿಂದ ಶುರುವಾಗುತ್ತವೆ, ಹೊರಗಿನಿಂದ ಬರುವ ಪಾರ್ಕ್ ಟೂಲ್, ಫೀಡ್‌ಬ್ಯಾಕ್ ಸ್ಪೋರ್ಟ್ಸ್ ಥರದವು ಅದರ ಎಷ್ಟೋ ಪಟ್ಟು. ಅಷ್ಟು ಕೊಡುವುದಕ್ಕೆ ಒಂದು ಒಳ್ಳೆಯ ಕಾರಣ ಇದೆ. ಕ್ಲಾಂಪಿನ ರಬ್ಬರ್ ಸವೆದಾಗ ಅದೊಂದನ್ನೇ ತರಿಸಿ ಹಾಕಬಹುದು. ಹೆಸರಿಲ್ಲದ ಅಗ್ಗದ್ದರಲ್ಲಿ ರಬ್ಬರ್ ಹೋದರೆ ಅದರ ಬಿಡಿಭಾಗ ಎಲ್ಲಿ ಹುಡುಕುತ್ತೀರಿ? ಹಾಗಂತ ಹೊಸಬರು ಮೊದಲೇ ಅದಕ್ಕೆ ಕೈ ಹಾಕಬೇಕಾಗಿಲ್ಲ. ಸಣ್ಣ ಸ್ಟ್ಯಾಂಡ್ ತಂದು ಒಂದು ಮಳೆಗಾಲ ಕಳೆಯಿರಿ. ಅಷ್ಟರಲ್ಲಿ ನಿಮಗೆ ಚೈನ್ ಒರೆಸುವುದರ ಆಚೆಗೂ ಆಸಕ್ತಿ ಇದೆಯಾ ಇಲ್ಲವಾ ಅಂತ ಗೊತ್ತಾಗಿರುತ್ತದೆ.

ಯಾವ ಸ್ಟ್ಯಾಂಡ್ ತಂದರೂ ಗಟ್ಟಿ ಬಲ ಬೇಕಾದ ಕೆಲಸವನ್ನು ನೆಲದ ಮೇಲೇ ಮಾಡಿ. ತುಕ್ಕು ಹಿಡಿದ ಪೆಡಲ್ ಬಿಚ್ಚುವುದು ಅಂಥದ್ದು. ಎಡಗಡೆಯ ಪೆಡಲ್ಲಿಗೆ ಉಲ್ಟಾ ತಿರುವು, ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಕೊಳ್ಳೋಕೆ ಹೋಗುವಾಗ ಆದರೆ ನಿಮ್ಮ ಸೈಕಲ್ಲನ್ನೇ ಅಂಗಡಿಗೆ ತಗೊಂಡು ಹೋಗಿ, ಡಿಸ್‌ಪ್ಲೇಗೆ ಇಟ್ಟ ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಚಕ್ರ ಬಿಚ್ಚಿ ಒಂದು ಸಲ ಪೆಡಲ್ ಒತ್ತಿ ನೋಡ್ತೀನಿ ಅಂತ ಕೇಳಿ.