ಮಧ್ಯಾಹ್ನ ಮೂರೂವರೆಗೆ ದೀಪ ಹಚ್ಚುವ ಊರಲ್ಲಿ

ವಿಮಾನ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಇಳಿದಾಗ ಮಧ್ಯಾಹ್ನ 3 ಗಂಟೆ. ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಕೈಗಡಿಯಾರ ಇನ್ನೂ ಬೆಂಗಳೂರಿನ ಟೈಮ್ ತೋರಿಸುತ್ತಿತ್ತು, ರಾತ್ರಿ 8.30. ಆಕಾಶ ನೋಡಿದರೆ ಅದೇ ಸರಿ ಅನ್ನಿಸಿತು. ಗೋಡೆ ಗಡಿಯಾರದಲ್ಲಿ ಮಾತ್ರ ಸಂಜೆ 4. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಅಮ್ಮ ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿಗೆ ಹಾಲು ಇಡುತ್ತಾಳೆ.

ಅವತ್ತು ಡಿಸೆಂಬರ್ 12. ಅಲ್ಲಿ ಆಗ ಸೂರ್ಯ ಬೆಳಗ್ಗೆ 8.30ಕ್ಕೆ ಬಂದು 3.40ಕ್ಕೆ ಹೊರಟುಬಿಡುತ್ತಾನೆ. ಸರ್ಕಾರಿ ಆಫೀಸಿನ ಗುಮಾಸ್ತರೂ ಇದಕ್ಕಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಬಂದಾಗಲೂ ಮೋಡದ ಹಿಂದೆಯೇ ಇರುತ್ತಾನೆ ಅನ್ನೋದು ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ಹಿಮ ಬೀಳುತ್ತೆ, ಫೋಟೋ ತೆಗೆಯಬಹುದು ಅಂತ ಆಸೆ ಇಟ್ಟುಕೊಂಡು ಹೋಗಿದ್ದೆ. ಇದ್ದ ಮೂರು ವಾರವೂ ಬರೀ ಜಿಟಿಜಿಟಿ ಮಳೆ, ಗಾಳಿ. ಛತ್ರಿ ಬಿಚ್ಚಿದರೆ ಒಂದೇ ನಿಮಿಷಕ್ಕೆ ತಿರುಚಿಕೊಳ್ಳುತ್ತಿತ್ತು.

ಏರ್‌ಪೋರ್ಟಿನಿಂದ ಮೆಟ್ರೋ ಹತ್ತಿದೆ. 2002ರಿಂದಲೂ ಇಲ್ಲಿ ಮೆಟ್ರೋಗೆ ಡ್ರೈವರ್ ಇಲ್ಲ. ಮುಂದಿನ ಸೀಟಿನಲ್ಲಿ ಕೂತರೆ ನಾವೇ ಓಡಿಸುತ್ತಿದ್ದೇವೇನೋ ಅನ್ನಿಸುತ್ತೆ. ಆ ಸೀಟಿಗೆ ಚಿಕ್ಕ ಮಕ್ಕಳ ಜೊತೆ ಪೈಪೋಟಿ ಮಾಡಬೇಕು, ಮಾಡಿದೆ. ತಂಗಿ ಇರೋದು ಫ್ರೆಡರಿಕ್ಸ್‌ಬರ್ಗ್‌ನಲ್ಲಿ, ಹಳೇ ಇಟ್ಟಿಗೆ ಕಟ್ಟಡದ ಮೂರನೇ ಮಹಡಿ. ಬಾಗಿಲು ತೆಗೆದವಳು ಏಳು ವರ್ಷದ ಸೋದರ ಸೊಸೆ. ಒಳಗೆ ಮಬ್ಬು. ನನ್ನ ಕೈ ತಾನಾಗಿಯೇ ಗೋಡೆಯ ಮೇಲೆ ಸ್ವಿಚ್ ಹುಡುಕಿತು. ಸಿಕ್ಕಿತು, ಒತ್ತಿದೆ. ಛಾವಣಿಯ ದೊಡ್ಡ ಲೈಟ್ ಹತ್ತಿಕೊಂಡಿತು.

"ಅಯ್ಯೋ, ಆರಿಸು!" ತಂಗಿ ಅಡುಗೆಮನೆಯಿಂದಲೇ ಕೂಗಿದಳು.

"ಯಾಕೆ, ಕರೆಂಟ್ ಬಿಲ್ ಜಾಸ್ತಿನಾ?"

"ಬಿಲ್ಲಿಗಲ್ಲ ಮಾರಾಯಾ. ಅದು ಏನಾದ್ರೂ ಕಳೆದು ಹೋದಾಗ ಹುಡುಕೋಕೆ ಹಾಕೋ ಲೈಟು."

ಆರಿಸಿ ಸುಮ್ನೆ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣಿಸತೊಡಗಿತು. ಸೋಫಾದ ಪಕ್ಕ ಮೊಣಕಾಲೆತ್ತರದ ದೀಪ. ಪುಸ್ತಕದ ಕಪಾಟಿನಲ್ಲಿ ಇನ್ನೊಂದು. ಕಿಟಕಿಯ ಕಟ್ಟೆಯ ಮೇಲೆ ಮೂರು ಮೇಣದಬತ್ತಿ. ಊಟದ ಮೇಜಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿ ಹಾಕಿದಂಥ ದೀಪ ಇಳಿಬಿದ್ದಿತ್ತು, ಕೂತವರ ಹಣೆಗಿಂತ ಸ್ವಲ್ಪವೇ ಮೇಲೆ. ಅದರ ಬೆಳಕು ಮೇಜಿನ ಮೇಲೆ ಬೀಳುತ್ತೆ, ಬಲ್ಬ್ ಮಾತ್ರ ಕಾಣೋದಿಲ್ಲ. ನಾನು ಬಗ್ಗಿ, ಎದ್ದು, ಸುತ್ತ ಓಡಾಡಿ ನೋಡಿದೆ. ಎಲ್ಲಿಂದಲೂ ಬಲ್ಬ್ ಕಣ್ಣಿಗೆ ಚುಚ್ಚಲಿಲ್ಲ.

ಅದು ಪಿಎಚ್ 5. ಪೌಲ್ ಹೆನಿಂಗ್ಸನ್ ಅನ್ನೋ ವಿನ್ಯಾಸಕಾರ 1958ರಲ್ಲಿ ಮಾಡಿದ್ದು. ದೊಡ್ಡ ತಟ್ಟೆಯ ಅಗಲ 50 ಸೆಂಟಿಮೀಟರ್, ಅದಕ್ಕೇ ಹೆಸರಿನಲ್ಲಿ 5. ಎಣ್ಣೆದೀಪ ನೋಡಿ ಬೆಳೆದ ಆತನಿಗೆ ಬರಿ ಬಲ್ಬಿನ ಬೆಳಕು ಅಂದರೆ ಆಗುತ್ತಿರಲಿಲ್ಲ. 1920ರ ದಶಕದಿಂದ ಸಾಯುವವರೆಗೆ ಬಲ್ಬನ್ನು ಹೇಗೆ ಮುಚ್ಚಿಡೋದು ಅನ್ನೋದರ ಹಿಂದೆಯೇ ಬಿದ್ದಿದ್ದ. ತಂಗಿಯ ದೀಪ ಸೆಕೆಂಡ್‌ಹ್ಯಾಂಡ್, ಒಂದು ಕಡೆ ಸೊಟ್ಟ. ಹೊಸದರ ಬೆಲೆ ಹೇಳಿದಳು. ಅದಕ್ಕೆ ನಮ್ಮಲ್ಲಿ ಒಂದು ಮನೆಗಾಗುವಷ್ಟು ಟ್ಯೂಬ್‌ಲೈಟ್ ಬರುತ್ತೆ.

ಊಟಕ್ಕೆ ಕೂತಾಗ ಒಂದು ವಿಷಯ ಗಮನಿಸಿದೆ. ಬೆಳಕು ಮೇಜಿನಷ್ಟೇ ಅಗಲ ಇರೋದರಿಂದ ಎಲ್ಲರೂ ಅದರೊಳಗೇ ಇರಬೇಕು. ಕುರ್ಚಿ ಹಿಂದಕ್ಕೆ ಎಳೆದುಕೊಂಡು ಮೊಬೈಲ್ ನೋಡಿದರೆ ನೀವು ಕತ್ತಲಲ್ಲಿ. ಸಾರು ಬೇಕಾದರೆ ಮುಂದಕ್ಕೆ ಬರಲೇಬೇಕು.

ಸೊಸೆ ನನಗೆ ಪಾಠ ಶುರು ಮಾಡಿದಳು. "ಮಾಮಾ, ಇದು ಹ್ಯೂಗೆಲಿ. ಹೇಳು." ನಾನು ಹೈಗೆ ಅಂದೆ, ಹಿಗ್ಗೆ ಅಂದೆ. ಅವಳು ನಕ್ಕು ಕುರ್ಚಿಯಿಂದ ಬೀಳುವುದರಲ್ಲಿದ್ದಳು. ಶಿಳ್ಳೆ ಹಾಕುವವರ ಹಾಗೆ ತುಟಿ ಮುಂದೆ ಮಾಡಿ 'ಈ' ಅನ್ನಬೇಕಂತೆ. ಹ್ಯೂಗ ಅಂದರೆ ಬೆಚ್ಚಗೆ, ಆರಾಮಾಗಿ, ನಮ್ಮವರ ಜೊತೆ ಇರೋದು. ಅವರಿಗೆ ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. "ನಿನ್ನೆ ಹ್ಯೂಗ ಮಾಡಿದೆವು" ಅನ್ನಬಹುದು. ನಾರ್ವೆಯ ಭಾಷೆಯಿಂದ ಬಂದ ಈ ಪದ 2016ರಲ್ಲಿ ಆಕ್ಸ್‌ಫರ್ಡ್‌ನವರ ವರ್ಷದ ಪದಗಳ ಕಿರುಪಟ್ಟಿಗೂ ಬಂದಿತ್ತು. ಅಲ್ಲಿಂದಾಚೆ ಜಗತ್ತಿನ ಅಂಗಡಿಗಳಲ್ಲೆಲ್ಲ ಹ್ಯೂಗ ಕಂಬಳಿ, ಹ್ಯೂಗ ಕಾಲುಚೀಲ. ತಂಗಿಯ ಮನೆಯ ಕಂಬಳಿ ಮಾತ್ರ ನಾವು ಚಿತ್ರದುರ್ಗದಲ್ಲಿ ಕೊಂಡು ಕಳಿಸಿದ ಕರೀ ಕಂಬಳಿ. ಚುಚ್ಚುತ್ತೆ, ಆದರೆ ಬೆಚ್ಚಗಿರುತ್ತೆ.

ಆ ಮನೆ ಬೆಚ್ಚಗಿರೋದಕ್ಕೆ ಮೇಣದಬತ್ತಿ ಕಾರಣ ಅಲ್ಲ, ಅದನ್ನೂ ಹೇಳಿಬಿಡಬೇಕು. ಊರಿಗೆಲ್ಲ ಸೇರಿ ದೊಡ್ಡ ಸ್ಥಾವರಗಳಲ್ಲಿ ನೀರು ಕಾಯಿಸಿ, ನೆಲದಡಿಯ ಪೈಪುಗಳಲ್ಲಿ ಮನೆಮನೆಗೆ ಕಳಿಸುತ್ತಾರೆ. ಡೆನ್ಮಾರ್ಕಿನ ಸುಮಾರು ಮೂರನೇ ಎರಡು ಪಾಲು ಮನೆಗಳು ಬಿಸಿಯಾಗೋದು ಹೀಗೆ. ಕಿಟಕಿಯ ಕೆಳಗಿನ ರೇಡಿಯೇಟರ್ ಮುಟ್ಟಿದರೆ ಒಲೆಯ ಪಕ್ಕದ ಹಂಡೆ ಮುಟ್ಟಿದ ಹಾಗಿತ್ತು. ಅದಿಲ್ಲದೆ ಹ್ಯೂಗದ ಮಾತಾಡೋಕೆ ಯಾರ ಬಾಯಿಯೂ ಹೊರಳುತ್ತಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಒಂದು ಉದ್ದನೆಯ ಮೇಣದಬತ್ತಿ ಇತ್ತು. ಮೇಲಿಂದ ಕೆಳಗೆ 1ರಿಂದ 24ರವರೆಗೆ ಅಂಕಿ. ಡಿಸೆಂಬರ್ ಒಂದರಿಂದ ದಿನಕ್ಕೆ ಒಂದು ಅಂಕಿ ಕರಗುವಷ್ಟು ಮಾತ್ರ ಉರಿಸಬೇಕು. 24ರ ಸಂಜೆ ಹಬ್ಬ. ತಂಗಿಯ ಮನೆಯಲ್ಲಿ ಯಾರೋ ಆರಿಸಲು ಮರೆತು ಬತ್ತಿ 17ಕ್ಕೆ ಇಳಿದಿತ್ತು. "ನಮ್ಮನೇಲಿ ಇವತ್ತು ಹದಿನೇಳು" ಅಂತ ಸೊಸೆ ಬೇಜಾರಿಲ್ಲದೆ ಹೇಳಿದಳು. ಮೇಣದಬತ್ತಿಗೆ ಡ್ಯಾನಿಶ್‌ನಲ್ಲಿ 'ಲೇವನೆ ಲ್ಯೂಸ್' ಅಂತಾರೆ. ಜೀವಂತ ಬೆಳಕು ಅಂತ ಅರ್ಥ. ಅಷ್ಟೊಂದು ಬತ್ತಿ ಉರಿಸಿದರೆ ಹೊಗೆ, ಮಸಿ ಬೇರೆ. ಅದಕ್ಕೆ ತಂಗಿ ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಐದು ನಿಮಿಷ ಹಾರು ಹೊಡೆಯುತ್ತಿದ್ದಳು. ಹೊರಗೆ ಎರಡು ಡಿಗ್ರಿ. ಮೊದಲ ಸಲ ನಾನು ಸ್ನಾನ ಮಾಡಿ ಹೊರಗೆ ಬರೋದಕ್ಕೂ ಅವಳು ಕಿಟಕಿ ತೆಗೆಯೋದಕ್ಕೂ ಸರಿಹೋಯಿತು. ಆ ಐದು ನಿಮಿಷ ನಾನು ಕಳೆದದ್ದು ಬಚ್ಚಲಿನ ಬಾಗಿಲ ಹಿಂದೆ.

ಊರು ನೋಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 13ರಂದು ಲೂಸಿಯಾ ದಿನ. ಸೊಸೆಯ ಶಾಲೆಯಲ್ಲಿ ಬಿಳಿ ನಿಲುವಂಗಿಯ ಮಕ್ಕಳು ದೀಪ ಹಿಡಿದು ಹಾಡುತ್ತ ಬಂದರು. ಸ್ವೀಡನ್ನಿನ ಈ ಪದ್ಧತಿಯನ್ನು ಇಲ್ಲಿ 1944ರಲ್ಲಿ ತಂದರು. ದೇಶ ಆಗ ಜರ್ಮನ್ನರ ವಶದಲ್ಲಿತ್ತು. ಸೊಸೆ ಮೂರನೇ ಸಾಲಿನಲ್ಲಿದ್ದಳು, ಹಾಡು ಮರೆತು ನಮಗೆ ಕೈ ಬೀಸಿದಳು. ಟಿವೋಲಿಗೂ ಹೋದೆವು. 1843ರ ಉದ್ಯಾನ, ಚಳಿಗಾಲದಲ್ಲಿ ದೀಪಗಳ ಜಾತ್ರೆ. ಚೆನ್ನಾಗಿದೆ, ದುಬಾರಿ, ನಮ್ಮ ದಸರಾ ಎಕ್ಸಿಬಿಷನ್ನಿನಷ್ಟು ನೂಕುನುಗ್ಗಲು. ನನಗೆ ಅದಕ್ಕಿಂತ ಇಷ್ಟವಾದದ್ದು ವಾಪಸ್ ನಡೆದುಕೊಂಡು ಬರುವಾಗ ಕಂಡ ಕಿಟಕಿಗಳು. ಬಹಳ ಮನೆಗಳಿಗೆ ಪರದೆಯೇ ಇಲ್ಲ. ಒಳಗೆ ಹಳದಿ ಬೆಳಕು, ಯಾರೋ ಪಾತ್ರೆ ತೊಳೆಯುತ್ತಿದ್ದಾರೆ, ಯಾರೋ ಓದುತ್ತಿದ್ದಾರೆ. ಇಣುಕಿದರೆ ತಪ್ಪಲ್ವಾ ಅಂದೆ. "ನೋಡು, ಆದ್ರೆ ನಿಲ್ಲಬೇಡ" ಅಂದಳು ತಂಗಿ.

ಆ ಕಿಟಕಿಗಳ ಬಗ್ಗೆ ಅವಳದ್ದೊಂದು ಕೊರಗಿದೆ. ಹೊರಗಿನಿಂದ ಎಲ್ಲ ಕಾಣುತ್ತೆ, ಒಳಗೆ ಹೋಗೋಕೆ ಮಾತ್ರ ವರ್ಷಗಟ್ಟಲೆ ಬೇಕು. ಹೀಗೇ ಬಂದೆ ಅಂತ ಯಾರ ಮನೆಗೂ ಹೋಗುವಂತಿಲ್ಲ. ಕಾಫಿಗೆ ಕರೆಯೋದಕ್ಕೂ ಮೂರು ವಾರ ಮುಂಚೆ ಕ್ಯಾಲೆಂಡರ್ ತೆಗೆಯುತ್ತಾರೆ. ಮೊದಲ ಎರಡು ಡಿಸೆಂಬರ್ ಅವಳು ಅತ್ತಿದ್ದಳಂತೆ. ಫೋನಿನಲ್ಲಿ ನಮಗೆ ಒಂದು ಮಾತೂ ಹೇಳಿರಲಿಲ್ಲ. ಹಣತೆಯ ಸುತ್ತ ಜಾಗ ಕಮ್ಮಿ ಇದ್ದಾಗ ಹೊರಗಿನವರು ಹೊರಗೇ ಉಳಿಯುತ್ತಾರೆ. ಪುಸ್ತಕದಂಗಡಿಯ ಹ್ಯೂಗದಲ್ಲಿ ಈ ಅಧ್ಯಾಯ ಇರೋದು ಅನುಮಾನ.

ಅವಳಿಗೆ ಬಾಗಿಲು ತೆಗೆದವರು ಎದುರು ಮನೆಯ ಅಜ್ಜಿ. ಎಪ್ಪತ್ತು ದಾಟಿದ ನಿವೃತ್ತ ನರ್ಸ್. ಹಬ್ಬಕ್ಕೆ ಮುಂಚಿನ ಭಾನುವಾರ ನಮ್ಮನ್ನೆಲ್ಲ ಕತ್ತರಿ-ಗೋಂದಿಗೆ ಕರೆದಿದ್ದರು. ನಿಜವಾಗಿಯೂ ಅದಕ್ಕೆ ಹೆಸರು ಕತ್ತರಿಸು-ಅಂಟಿಸು ದಿನ. ಮೇಜಿನ ತುಂಬ ಹೊಳೆಯುವ ಕಾಗದ, ಕತ್ತರಿ, ಶುಂಠಿ-ಮೆಣಸಿನ ಪುಟ್ಟ ಬಿಸ್ಕತ್ತು. ಜೊತೆಗೆ ನೀಲಿ ಬಣ್ಣದ ದುಂಡು ಡಬ್ಬ. ನಮ್ಮ ಮನೆಗೂ ಒಮ್ಮೆ ಯಾರೋ ದುಬೈಯಿಂದ ತಂದ ಡ್ಯಾನಿಶ್ ಬೆಣ್ಣೆ ಬಿಸ್ಕತ್ತಿನ ಡಬ್ಬ ಬಂದಿತ್ತು. ಇಪ್ಪತ್ತು ವರ್ಷದಿಂದ ಅದರಲ್ಲಿ ಅಮ್ಮನ ಸೂಜಿ, ದಾರ, ಗುಂಡಿ. ಇಲ್ಲಿ ಬಿಸ್ಕತ್ತು ಇರುತ್ತೆ ಅಂತ ಆಸೆಯಿಂದ ಮುಚ್ಚಳ ತೆಗೆದೆ. ಸೂಜಿ, ದಾರ, ಗುಂಡಿ.

ಕೆಂಪು-ಬಿಳಿ ಕಾಗದದ ಹೃದಯ ಹೆಣೆಯೋದು ಅವತ್ತಿನ ಮುಖ್ಯ ಕೆಲಸ. ಕ್ರಿಸ್‌ಮಸ್ ಮರಕ್ಕೆ ತೂಗು ಹಾಕೋದು. ಎರಡು ಬಣ್ಣದ ಕಾಗದ ಮಡಚಿ, ಒಂದು ತುದಿ ದುಂಡಗೆ ಕತ್ತರಿಸಿ, ಇನ್ನೊಂದು ಕಡೆಯಿಂದ ಪಟ್ಟಿ ಪಟ್ಟಿ ಸೀಳಬೇಕು. ಚಾಪೆ ಹೆಣೆದ ಹಾಗೆ ಮೇಲೊಂದು ಕೆಳಗೊಂದು ಅಂದುಕೊಂಡೆ. ಅಲ್ಲ. ಪಟ್ಟಿ ಮಡಚಿದ್ದಲ್ವಾ, ಎರಡು ಪದರ. ಕೆಂಪು ಪಟ್ಟಿ ಬಿಳಿ ಪಟ್ಟಿಯ ಹೊಟ್ಟೆಯೊಳಗೆ ತೂರಬೇಕು, ಮುಂದಿನ ಬಿಳಿ ಪಟ್ಟಿಯನ್ನು ತನ್ನ ಹೊಟ್ಟೆಯೊಳಗೆ ಬಿಟ್ಟುಕೊಳ್ಳಬೇಕು. ಹಾಗೆ ಹೆಣೆದರೆ ಕೊನೆಗೆ ಹೃದಯ ಬುಟ್ಟಿಯ ಹಾಗೆ ಬಾಯಿ ಬಿಡುತ್ತೆ, ಒಳಗೆ ಬಾದಾಮಿ, ಬಿಸ್ಕತ್ತು ಹಾಕಬಹುದು. ನನ್ನದು ಕೊನೇ ಪಟ್ಟಿಗೆ ಹರಿದುಹೋಯಿತು. ಎರಡನೆಯದೂ ಹರಿಯಿತು. ಕತೆಗಾರ ಆ್ಯಂಡರ್ಸನ್ 1860ರಲ್ಲಿ ಹೆಣೆದದ್ದೇ ಈಗ ಉಳಿದಿರುವುದರಲ್ಲಿ ಅತ್ಯಂತ ಹಳೆಯದು ಅಂತ ಅಜ್ಜಿ ಹೇಳಿದರು. ಸಮಾಧಾನಕ್ಕೋ, ಹಂಗಿಸೋಕೋ ತಿಳಿಯಲಿಲ್ಲ. ಮೂರನೆಯದು ಬಾಯಿ ಬಿಟ್ಟಿತು, ಸ್ವಲ್ಪ ಸೊಟ್ಟಗೆ. ಹೊತ್ತು ನೋಡಿದರೆ ಎರಡೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತು ಯಾರೂ ಮುಖ್ಯವಾದದ್ದು ಏನೂ ಮಾತಾಡಿರಲಿಲ್ಲ. ಮೊಣಕಾಲು ನೋವು, ಬೆಕ್ಕು, ಮಳೆ, ಇಷ್ಟೇ.

24ರ ಸಂಜೆಗೂ ಅಜ್ಜಿಯೇ ಕರೆದರು. ಅದು ದೊಡ್ಡ ಮಾತು ಅಂತ ತಂಗಿ ನನಗೆ ನಾಲ್ಕು ಸಲ ಹೇಳಿದಳು. ಮಾಂಸ ತಿನ್ನದ ನನಗಾಗಿ ಕೆಂಪು ಎಲೆಕೋಸನ್ನು ಬಾತುಕೋಳಿಯ ಕೊಬ್ಬು ಬಿಟ್ಟು ಬೆಣ್ಣೆಯಲ್ಲಿ ಬೇಯಿಸಿಟ್ಟಿದ್ದರು. ಸಕ್ಕರೆ ಪಾಕದಲ್ಲಿ ಹೊರಳಿಸಿದ ಪುಟ್ಟ ಆಲೂಗಡ್ಡೆ ಬೇರೆ. ಊಟ ಆದ ಮೇಲೆ ಪಕ್ಕದ ಕೋಣೆಯ ಬಾಗಿಲು ತೆಗೆದರು. ಮರದ ತುಂಬ ನಮ್ಮ ಹೃದಯಗಳು, ಕಾಗದದ ಡ್ಯಾನಿಶ್ ಬಾವುಟಗಳ ಮಾಲೆ, ಕೊಂಬೆಕೊಂಬೆಗೆ ಸಿಕ್ಕಿಸಿದ ನಿಜವಾದ ಮೇಣದಬತ್ತಿ. ಉರಿಯುತ್ತಿವೆ! ಒಣಗಿದ ಮರ, ಬೆಂಕಿ, ಮೂರನೇ ಮಹಡಿ. ನನ್ನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಒಂದು ಬಕೆಟ್ ನೀರಿತ್ತು. ಜೀವ ಬಂತು. ಕೈ ಕೈ ಹಿಡಿದು ಮರದ ಸುತ್ತ ಹಾಡುತ್ತ ಸುತ್ತಿದೆವು. ಕೊನೇ ಹಾಡಿಗೆ ಸರಪಳಿಯಾಗಿ ಅಡುಗೆಮನೆ, ಮಲಗುವ ಕೋಣೆ ಎಲ್ಲ ಕಡೆ ಓಟ. ಬೆಕ್ಕು ಮಂಚದಡಿ ಸೇರಿತು.

ಆಮೇಲೆ ಬಂತು ರಿಸಲಾಮಾಂಗ್. ಹೆಸರು ಫ್ರೆಂಚಿನ ಹಾಗೆ ಕೇಳಿಸುತ್ತೆ, ವಸ್ತು ಪಕ್ಕಾ ಡ್ಯಾನಿಶ್. ಹಾಲಲ್ಲಿ ಬೆಂದ ಅನ್ನವನ್ನು ತಣ್ಣಗೆ ಮಾಡಿ, ಕ್ರೀಮ್, ವೆನಿಲಾ, ಕತ್ತರಿಸಿದ ಬಾದಾಮಿ ಸೇರಿಸಿ, ಮೇಲೆ ಬಿಸಿ ಚೆರ್ರಿ ರಸ ಸುರಿಯೋದು. ಹಿಂದಿನ ರಾತ್ರಿ ಅದೇ ಅನ್ನವನ್ನು ಬಿಸಿಬಿಸಿಯಾಗಿ, ಮೇಲೆ ದಾಲ್ಚಿನ್ನಿ, ಮಧ್ಯೆ ಬೆಣ್ಣೆಯ ಉಂಡೆ ಇಟ್ಟು ತಿಂದಿದ್ದೆವು. ಮಿಕ್ಕಿದ್ದು ಇವತ್ತಿಗೆ. ಇಡೀ ಪಾತ್ರೆಗೆ ಒಂದೇ ಒಂದು ಇಡಿಯಾದ ಬಾದಾಮಿ ಹಾಕಿರುತ್ತಾರೆ. ಸಿಕ್ಕವರಿಗೆ ಬಹುಮಾನ. ಸಿಕ್ಕವರು ಹೇಳಬಾರದು, ದವಡೆಯಲ್ಲಿ ಅಡಗಿಸಿಟ್ಟುಕೊಂಡು ಉಳಿದವರು ಹುಡುಕುತ್ತ ತಿನ್ನೋದನ್ನು ನೋಡಬೇಕು.

ಎಲ್ಲರೂ ತಿಂದರು. ಎರಡನೇ ಸಲ ಬಡಿಸಿಕೊಂಡರು. ಹೊಟ್ಟೆ ಬಿರಿಯುತ್ತಿದ್ದರೂ ಮೂರನೇ ಸಲ. ಪಾತ್ರೆ ಖಾಲಿ. ಅಜ್ಜಿ ಒಬ್ಬೊಬ್ಬರ ಕೆನ್ನೆಯನ್ನೂ ಅನುಮಾನದಿಂದ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಆಗ ನನಗೆ ನೆನಪಾಯಿತು. ಮೊದಲ ಬಟ್ಟಲಿನಲ್ಲೇ ಏನೋ ಕಟುಂ ಅಂದಿತ್ತು. ಪಾಯಸದಲ್ಲಿ ಗೋಡಂಬಿ ಸಿಕ್ಕರೆ ಏನು ಮಾಡುತ್ತೇವೋ ಅದನ್ನೇ ಮಾಡಿದ್ದೆ, ಅಗಿದು ನುಂಗಿದ್ದೆ. ಒಪ್ಪಿಕೊಂಡೆ. ಸಾಕ್ಷಿ ಇಲ್ಲದೆ ಬಹುಮಾನ ಕೊಡಬೇಕೋ ಬೇಡವೋ ಅಂತ ಡ್ಯಾನಿಶ್‌ನಲ್ಲಿ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಬಾದಾಮಿ-ಸಕ್ಕರೆಯ ಹಂದಿಮರಿ ಸೊಸೆಗೆ ಹೋಯಿತು. ಅದರ ಬಾಲ ನನಗೆ ಕೊಟ್ಟಳು. ನಮ್ಮ ಬಾದಾಮಿ ಬರ್ಫಿಯದೇ ರುಚಿ.

ಜನವರಿಯಲ್ಲಿ ಬೆಂಗಳೂರಿಗೆ ಬಂದೆ. ಚಳಿ ಇತ್ತು, ನಮ್ಮ ಲೆಕ್ಕದ ಚಳಿ. ಸಂಜೆ ಹಾಲಿನ ಟ್ಯೂಬ್‌ಲೈಟ್ ಆರಿಸಿ, ಕಪಾಟಿನ ಪಕ್ಕ ಟೇಬಲ್ ಲ್ಯಾಂಪ್ ಇಟ್ಟು, ಎರಡು ಮೇಣದಬತ್ತಿ ಹಚ್ಚಿದೆ. ಸೊಟ್ಟ ಹೃದಯವನ್ನು ಕಿಟಕಿಗೆ ನೇತು ಹಾಕಿದೆ. ಅಮ್ಮ ಒಳಗಿನಿಂದ ಬಂದಳು.

"ಕರೆಂಟ್ ಹೋಯ್ತಾ?"

"ಇಲ್ಲ, ನಾನೇ ಆರಿಸಿದ್ದು. ಬಾ ಕೂತ್ಕೋ."

ಅವಳು ಒಂದು ನಿಮಿಷ ನಿಂತು ನೋಡಿದಳು. ಆಮೇಲೆ ಒಂದು ಮೊರದ ತುಂಬ ಅವರೆಕಾಯಿ ತಂದು, ನನ್ನ ಪಕ್ಕವೇ ನೆಲದ ಮೇಲೆ ಕೂತು, ಅರ್ಧ ನನ್ನ ಕಡೆ ಸರಿಸಿದಳು. ಸೊಗಡಿನ ವಾಸನೆ ಎದ್ದಿತು. ಇಬ್ಬರೂ ಸುಲಿದೆವು. ತಂಗಿ ಹೇಗಿದ್ದಾಳೆ, ಅಲ್ಲಿ ಬೆಂಡೆಕಾಯಿ ಸಿಗುತ್ತಾ, ಅಜ್ಜಿಗೆ ಮಕ್ಕಳಿಲ್ವಾ ಅಂತೆಲ್ಲ ಕೇಳಿದಳು. ಹತ್ತು ನಿಮಿಷ ಆಗಿರಬೇಕು.

"ಎಲ್ಲಾ ಸರಿ ಕಣೋ" ಅಂದಳು, "ಈ ಬೆಳಕಲ್ಲಿ ಹುಳ ಕಾಣಲ್ಲ. ಲೈಟ್ ಹಾಕು."