ನಿಜವಾದ ರೇಟಿಂಗ್ ಯಾವುದು ಸಾರ್?

ಪ್ರಶ್ನೆ ಯಾವಾಗಲೂ ಇದೇ: "ಮಗನಿಗೆ ರ‍್ಯಾಪಿಡ್‌ನಲ್ಲಿ 1720 ಇದೆ, ಸ್ಟ್ಯಾಂಡರ್ಡ್‌ನಲ್ಲಿ 1540. ನಿಜವಾದ ರೇಟಿಂಗ್ ಯಾವುದು ಸಾರ್?" ಚೆಸ್ ಟೂರ್ನಮೆಂಟ್ ಹಾಲಿನ ಹೊರಗೆ, ಯಾರಿಗೆ ಯಾರು ಎದುರಾಳಿ ಅನ್ನುವ ಪೇರಿಂಗ್ ಪಟ್ಟಿ ಅಂಟಿಸಿದ ಗೋಡೆಯ ಪಕ್ಕ, ಕೈಯಲ್ಲಿ ಟಿಫನ್ ಡಬ್ಬಿ ಹಿಡಿದೇ ಕೇಳುತ್ತಾರೆ. ನಿಂತು ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಎರಡೂ ನಿಜ. ಮುಗಿಯಿತು.

ಆದರೆ ಮುಗಿಯುವುದಿಲ್ಲ, ಏಕೆಂದರೆ ಆ "ನಿಜವಾದ" ಅನ್ನುವ ಪದದೊಳಗೆ ಉತ್ತರ ಆಗಲೇ ಕೂತಿದೆ. ಎರಡರಲ್ಲಿ ದೊಡ್ಡದಕ್ಕೆ ನಾನೊಂದು ಸೀಲು ಒತ್ತಿಕೊಡಬೇಕು, ಅಷ್ಟೇ. ಸ್ಟ್ಯಾಂಡರ್ಡ್ ಜಾಸ್ತಿ ಇದ್ದವರ ಮನೆಯಿಂದ ಈ ಪ್ರಶ್ನೆ ಬಂದಿದ್ದೇ ಇಲ್ಲ. ಅವರಿಗೆ ರ‍್ಯಾಪಿಡ್ ಬರೀ ಟೈಮ್‌ಪಾಸ್.

ವಿಶ್ವ ಚೆಸ್ ಒಕ್ಕೂಟವಾದ ಫಿಡೆ, ಆಟಕ್ಕೆ ಸಿಗುವ ಸಮಯ ನೋಡಿ ಮೂರು ರೇಟಿಂಗ್ ಪಟ್ಟಿ ಇಡುತ್ತದೆ, ನಿಧಾನದಿಂದ ವೇಗದ ಕಡೆಗೆ: ಸ್ಟ್ಯಾಂಡರ್ಡ್, ರ‍್ಯಾಪಿಡ್, ಬ್ಲಿಟ್ಜ್. ಕೊನೆಯ ಎರಡು ಶುರುವಾಗಿದ್ದು 2012ರಲ್ಲಿ. ಯಾವ ಆಟ ಯಾವ ಪಟ್ಟಿಗೆ ಅನ್ನುವುದಕ್ಕೆ ಒಂದೇ ಲೆಕ್ಕ. ಆಟ 60 ನಡೆ ನಡೆಯುತ್ತದೆ ಅಂದುಕೊಳ್ಳಿ. ಒಬ್ಬ ಆಟಗಾರನ ಆರಂಭದ ನಿಮಿಷಗಳಿಗೆ, ಪ್ರತಿ ನಡೆಗೆ ಸೇರುವ ಹೆಚ್ಚುವರಿ ಸೆಕೆಂಡುಗಳ, ಅಂದರೆ ಇನ್‌ಕ್ರಿಮೆಂಟಿನ 60 ಪಟ್ಟು ಕೂಡಿಸಿ. 60ರಿಂದ ಗುಣಿಸುವುದರಿಂದ ಇನ್‌ಕ್ರಿಮೆಂಟಿನ ಸೆಕೆಂಡುಗಳೇ ನಿಮಿಷಗಳಾಗಿಬಿಡುತ್ತವೆ. 15+10 (15 ನಿಮಿಷ, ನಡೆಗೆ 10 ಸೆಕೆಂಡು) ಅಂದರೆ 25 ನಿಮಿಷ, ರ‍್ಯಾಪಿಡ್. 3+2 ಅಂದರೆ 5, ಬ್ಲಿಟ್ಜ್. ಮೊತ್ತ 10 ಅಥವಾ ಕಡಿಮೆ ಇದ್ದರೆ ಬ್ಲಿಟ್ಜ್, 10 ದಾಟಿ 60ಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್. ಸ್ಟ್ಯಾಂಡರ್ಡ್‌ಗೆ ಮಾತ್ರ ಯಾರು ಆಡುತ್ತಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ: ಎಲ್ಲರೂ 1800ಕ್ಕಿಂತ ಕೆಳಗಿದ್ದರೆ 60 ನಿಮಿಷ ಸಾಕು, 1800 ದಾಟಿದವರಿದ್ದರೆ 90 ಬೇಕು, 2400 ದಾಟಿದವರಿದ್ದರೆ 120. ಓಪನ್ ಟೂರ್ನಮೆಂಟ್‌ಗಳಲ್ಲಿ ಎಲ್ಲೆಲ್ಲೂ ಕಾಣುವ 90+30 ಸರಿಯಾಗಿ 120ಕ್ಕೆ ಬಂದು ನಿಲ್ಲುವುದು ಆಕಸ್ಮಿಕವಲ್ಲ.

ಆನ್‌ಲೈನ್‌ಗೆ ಬನ್ನಿ, ಗೊಂದಲ ಅಲ್ಲೇ ಹುಟ್ಟುವುದು. ಚೆಸ್ ಆಡುವ ಸೈಟ್ ಲಿಚೆಸ್ ಇನ್‌ಕ್ರಿಮೆಂಟನ್ನು ಗುಣಿಸುವುದು 60ರಿಂದ ಅಲ್ಲ, 40ರಿಂದ. ಗಡಿಗಳೂ ಬೇರೆ. 10+0 ಆಟ ಅಲ್ಲಿ ರ‍್ಯಾಪಿಡ್, ಫಿಡೆಯಲ್ಲಿ ಬ್ಲಿಟ್ಜ್. 15+15 ಅಲ್ಲಿ ಕ್ಲಾಸಿಕಲ್ (ನಿಧಾನದ ಆಟ), ಫಿಡೆಯಲ್ಲಿ ಮೊತ್ತ 30 ಆಗಿ ರ‍್ಯಾಪಿಡ್. ಲೆಕ್ಕದ ಸೂತ್ರವೂ ಬೇರೆ, ಎದುರಾಳಿಗಳೂ ಬೇರೆ. ಆದ್ದರಿಂದ "ಆನ್‌ಲೈನ್‌ನಲ್ಲಿ 2000 ಇದ್ದಾನೆ" ಅಂತ ಯಾರಾದರೂ ಶುರು ಮಾಡಿದರೆ ನಾನು ನೀರು ಕುಡಿಯಲು ಎದ್ದು ಹೋಗುತ್ತೇನೆ.

ರೇಟಿಂಗ್ ಅಂದರೆ ಮಗುವಿನ ಎತ್ತರವಲ್ಲ, ಗೋಡೆಗೆ ನಿಲ್ಲಿಸಿ ಗೆರೆ ಎಳೆಯಲು. ಒಂದು ಗುಂಪಿನೊಳಗೆ ಯಾರು ಯಾರನ್ನು ಎಷ್ಟು ಸಲ ಸೋಲಿಸಬಹುದು ಅನ್ನುವ ಅಂದಾಜು. 200 ಅಂಕ ಮೇಲಿರುವವನಿಂದ 100 ಆಟಕ್ಕೆ 76 ಪಾಯಿಂಟ್ (ಗೆಲುವಿಗೆ 1, ಡ್ರಾಗೆ ಅರ್ಧ) ನಿರೀಕ್ಷೆ. 1500ರ ಹುಡುಗ 1700ರವನನ್ನು ಗೆದ್ದರೆ, ನಿರೀಕ್ಷೆಯಿದ್ದ 0.24ಕ್ಕಿಂತ ಹೆಚ್ಚಿಗೆ ತಂದ 0.76ನ್ನು ಕೆ ಅಂಶದಿಂದ (ಒಂದು ಆಟ ರೇಟಿಂಗನ್ನು ಎಷ್ಟು ಅಲುಗಿಸಬೇಕು ಅನ್ನುವ ಸಂಖ್ಯೆ) ಗುಣಿಸುತ್ತಾರೆ. ಸ್ಟ್ಯಾಂಡರ್ಡ್‌ನಲ್ಲಿ 2300ರೊಳಗಿನ ಮಕ್ಕಳಿಗೆ, 18 ತುಂಬುವ ವರ್ಷದ ಕೊನೆಯವರೆಗೆ, ಕೆ 40. ಸಿಗುವುದು 30.4. ಅದೇ ಗೆಲುವಿಗೆ ಕೆ 20 ಇರುವ ಅವರಪ್ಪನಿಗೆ 15.2. ಇನ್ನೂ ಅನುಮಾನವಿದ್ದರೆ 2024ರ ಮಾರ್ಚ್ ನೆನಪಿಸಿಕೊಳ್ಳಿ. ಸ್ಟ್ಯಾಂಡರ್ಡ್‌ನಲ್ಲಿ 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಮ್ಮಿಯೋ ಅದರ ಶೇ 40ರಷ್ಟನ್ನು ಫಿಡೆ ಸೇರಿಸಿಕೊಟ್ಟಿತು. 1500 ಇದ್ದವನು ಬೆಳಗಾಗುವಷ್ಟರಲ್ಲಿ 1700. ಕಾಲಾಳು ಒಂದನ್ನೂ ಮುಟ್ಟದೆ.

ರ‍್ಯಾಪಿಡ್ ರೇಟಿಂಗ್ ಇಲ್ಲದವನು ಮೊದಲ ಸಲ ಅಲ್ಲಿ ಕೂತಾಗ ಅವನ ಸ್ಟ್ಯಾಂಡರ್ಡ್ ಅಂಕವನ್ನೇ ಆರಂಭಕ್ಕೆ ಹಿಡಿಯುತ್ತಾರೆ. ಅಂದರೆ ಹೊರಡುವ ಜಾಗ ಒಂದೇ. ಅಂತರ ಬೆಳೆಯುವುದು ಆಮೇಲೆ, ಯಾವುದನ್ನು ಎಷ್ಟು ಆಡಿದ, ಯಾರ ಜೊತೆ ಆಡಿದ ಅನ್ನುವುದರ ಮೇಲೆ.

ಮತ್ತು ಈ ಅಂತರ ನಿಮ್ಮ ಮನೆಯ ಕಾಯಿಲೆಯಲ್ಲ. 2024ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ಗೆ ಕೂತಾಗ ಗುಕೇಶ್ ಸ್ಟ್ಯಾಂಡರ್ಡ್‌ನಲ್ಲಿ 2783, ಆಗಿನ ಚಾಂಪಿಯನ್ ಡಿಂಗ್ ಲಿರೆನ್ 2728. ರ‍್ಯಾಪಿಡ್ ಪಟ್ಟಿಯಲ್ಲಿ ತಲೆಕೆಳಗು: ಗುಕೇಶ್ 2650ರ ಆಸುಪಾಸು, ಡಿಂಗ್ ನೂರಕ್ಕೂ ಹೆಚ್ಚು ಅಂಕ ಮುಂದೆ. ಸ್ಕೋರ್ ಸಮವಾಗಿ ವೇಗದ ಆಟಗಳ ಟೈಬ್ರೇಕ್‌ಗೆ ಹೋದರೆ ಡಿಂಗ್ ಕೈ ಮೇಲು ಅನ್ನುವ ಮಾತು ಬಂದದ್ದು ಇದರಿಂದಲೇ. ಕೊನೆಯ, 14ನೇ ಆಟದ 55ನೇ ನಡೆಯಲ್ಲಿ ಡಿಂಗ್ ರೂಕ್ ಅನ್ನು ಎಫ್2ಕ್ಕೆ ಇಟ್ಟು ಎಡವಿದರು, ಗುಕೇಶ್ ಗೆದ್ದರು, ಆ ಲೆಕ್ಕ ಬೇಕಾಗಲೇ ಇಲ್ಲ. ಗುಕೇಶ್ ಅವರ ನಿಜವಾದ ರೇಟಿಂಗ್ ಯಾವುದು ಅಂತ ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಇದೆಲ್ಲದರ ಬದಲು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು: ಸೋತಾಗ ಕ್ಲಾಕಿನಲ್ಲಿ ಎಷ್ಟು ಉಳಿದಿತ್ತು?

90+30 ಹಾಲಿನಲ್ಲಿ ಒಂದು ಗಂಟೆಯೊಳಗೇ ಹೊರಗೆ ಬಂದು ಕೇರಂ ಹುಡುಕುವ ಮಕ್ಕಳನ್ನು ನೋಡಿದ್ದೀರಲ್ಲ? ಅವರಲ್ಲೊಬ್ಬ ಬಿಟ್ಟು ಬಂದ ಬೋರ್ಡಿನ ಕ್ಲಾಕ್ ನೋಡಿ. 34 ನಡೆಗೆ ಸೋತಿದ್ದಾನೆ, ಅವನ ಕಡೆ 1:35 ಅಂತ ಮಿನುಗುತ್ತಿದೆ. ಕೂತಾಗ ಇದ್ದದ್ದಕ್ಕಿಂತ ಐದು ನಿಮಿಷ ಜಾಸ್ತಿ! ಕೆಟ್ಟ ಕ್ಲಾಕ್ ಅಲ್ಲ. 34 ನಡೆಗೆ ಇನ್‌ಕ್ರಿಮೆಂಟಿನಿಂದ 17 ನಿಮಿಷ ಸೇರಿ ಒಟ್ಟು 107 ಸಿಕ್ಕಿತ್ತು, ಅವನು ಖರ್ಚು ಮಾಡಿದ್ದು 12. ನಡೆಗೆ ಸುಮಾರು 21 ಸೆಕೆಂಡು. 15+10 ರ‍್ಯಾಪಿಡ್‌ನಲ್ಲಿ 34 ನಡೆಗೆ 20 ನಿಮಿಷದ ಮೇಲೆ ಸಿಗುತ್ತದೆ, ಅದಕ್ಕಿಂತಲೂ ಕಡಿಮೆ. ಎದುರಿಗಿದ್ದವನು 45 ನಿಮಿಷ ಯೋಚಿಸಿ ಆಡಿದ. ರ‍್ಯಾಪಿಡ್‌ನಲ್ಲಿ ಆ ಎದುರಾಳಿಗೂ ಹೆಚ್ಚು ಹೊತ್ತು ಸಿಗುವುದಿಲ್ಲ, ಅದಕ್ಕೇ ನಿಮ್ಮವನು ಅಲ್ಲಿ 1720. ಇಲ್ಲಿ ಎದುರಾಳಿಗೆ ಸಮಯ ಸಿಕ್ಕಿತು, ನಿಮ್ಮವನಿಗೂ ಸಿಕ್ಕಿತು, ಒಬ್ಬ ಮಾತ್ರ ಬಳಸಿದ. ಆ 180 ಅಂಕ ಹೋದದ್ದು ಅಲ್ಲಿ.

ಉಲ್ಟಾ ಕೇಸೂ ಇದೆ. 14ನೇ ನಡೆಗೆ ಒಂದೇ ಸಲ 28 ನಿಮಿಷ ಸುರಿದು, 30ರ ಹೊತ್ತಿಗೆ ಬರೀ ಇನ್‌ಕ್ರಿಮೆಂಟಿನಲ್ಲಿ ಉಸಿರಾಡುವವನು. ಇವನ ರ‍್ಯಾಪಿಡ್ ಪಾತಾಳದಲ್ಲಿರುತ್ತದೆ, ಮನೆಯವರು ಅದನ್ನು "ಡೀಪ್ ಥಿಂಕಿಂಗ್" ಅನ್ನುತ್ತಾರೆ.

ಮದ್ದು ದುಬಾರಿಯಲ್ಲ. ನಡೆ ಬರೆಯುವ ಹಾಳೆಯಾದ ಸ್ಕೋರ್‌ಶೀಟಿನಲ್ಲಿ ಪ್ರತಿ ಐದನೇ ನಡೆಯ ಪಕ್ಕ ಕ್ಲಾಕ್ ನೋಡಿ ಉಳಿದ ನಿಮಿಷ ಬರೆಸಿ. ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಕ್ಲಾಕಿನ ಸಮಯ ಬರೆದುಕೊಳ್ಳಬಹುದು ಅಂತಲೇ ಇದೆ. 90+30ರಲ್ಲಿ 20ನೇ ನಡೆಗೆ 55ರ ಹತ್ತಿರ, 40ಕ್ಕೆ 15ಕ್ಕಿಂತ ಕಡಿಮೆಯಾಗದಂತೆ ಇದ್ದರೆ ಆರೋಗ್ಯ. 20ನೇ ನಡೆಯಲ್ಲಿ 90 ಅಂತ ಕಂಡರೆ ಆಟದ ಮೊದಲ ನಡೆಗಳ ಓಪನಿಂಗ್ ಕೋಚಿಂಗ್‌ಗೆ ಇನ್ನಷ್ಟು ದುಡ್ಡು ಸುರಿಯಬೇಡಿ. ಹಾಗೆ ನೋಡಿದರೆ ರ‍್ಯಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವೇ ಅಲ್ಲ, ಅಲ್ಲಿ ಯಾಕೆ ಸೋತ ಅಂತ ಹುಡುಕಲು ಕಾಗದವೂ ಇರುವುದಿಲ್ಲ.

ಸ್ಕೋರ್‌ಶೀಟ್ ತೋರಿಸಿ ಅಂದರೆ ಫೋನಿನಲ್ಲಿ ರೇಟಿಂಗ್ ಪುಟ ತೆರೆದು ತೋರಿಸುತ್ತಾರೆ. ಮೇಲಿನ ಪ್ರತಿ ಆಯೋಜಕರದು, ಕೆಳಗಿನ ಕಾರ್ಬನ್ ಪ್ರತಿ ನಿಮ್ಮದು. ಸಾಮಾನ್ಯವಾಗಿ 42ನೇ ಬೋರ್ಡಿನ ಕುರ್ಚಿ ಕೆಳಗೆ ಬಿದ್ದಿರುತ್ತದೆ, ಹಾಲ್ ಗುಡಿಸುವ ಮೊದಲು ಹೋಗಿ ಎತ್ತಿಕೊಳ್ಳಿ.